ಆಫೀಸ್ ಮೇಲ್ ಎಡವಟ್ಟು: ಹೊಸಬರಿಗೆ ಏನು ಹೇಳಿಕೊಡಬೇಕು, ಯಾವ ಸೆಟ್ಟಿಂಗ್ ಹಾಕಿಸಬೇಕು?

ಪ್ರಶ್ನೆ: ಆಡಳಿತ_ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಮ್ಮಲ್ಲಿ ಹೊಸದಾಗಿ ಸೇರುವ ಗುಮಾಸ್ತರಿಗೂ ಲೆಕ್ಕಪತ್ರ ವಿಭಾಗದವರಿಗೂ ಆಫೀಸ್ ಮೇಲ್ ಬಗ್ಗೆ ಒಂದು ಗಂಟೆಯ ತರಬೇತಿ ಇದೆ. ‘ಕಳಿಸುವ ಮುಂಚೆ ಒಮ್ಮೆ ಓದಿ’ ಅನ್ನುವ ಬುದ್ಧಿಮಾತು ಎಲ್ಲರ ಕಿವಿಗೂ ಬಿದ್ದಿರುತ್ತದೆ, ಅದರಿಂದ ಪ್ರಯೋಜನ ಕಡಿಮೆ. ನನಗೆ ಬೇಕಿರುವುದು ಬೇರೆ. ತಪ್ಪು ಯಾವ ಹಂತದಲ್ಲಿ ಯಾಕೆ ಆಗುತ್ತದೆ, ಅದನ್ನು ತಡೆಯಲು ಕಂಪ್ಯೂಟರಿನಲ್ಲೇ ಏನು ಬದಲಾಯಿಸಿಡಬಹುದು, ಮೇಲ್ ಹೋಗಿಯೇಬಿಟ್ಟರೆ ಮುಂದಿನ ಹತ್ತು ನಿಮಿಷ ಏನು ಮಾಡಬೇಕು?

ಮುಖ್ಯ ಕಚೇರಿಯಲ್ಲಿ ಮೈಕ್ರೋಸಾಫ್ಟ್ 365, ಡೆಸ್ಕ್‌ಟಾಪಿನಲ್ಲಿ ಕ್ಲಾಸಿಕ್ ಔಟ್‌ಲುಕ್. ಶಾಖೆಗಳಲ್ಲಿ ಜಿಮೇಲ್. ಅರ್ಧದಷ್ಟು ಪತ್ರವ್ಯವಹಾರ ಕನ್ನಡದಲ್ಲೇ. ನಗು ಬರಿಸುವ ಉದಾಹರಣೆ ಇದ್ದರೆ ಕೊಡಿ, ಆದರೆ ನಿಜವಾಗಿ ನಡೆದದ್ದಾಗಿರಲಿ. ಹೊಸಬರಿಗೆ ನೆನಪಿನಲ್ಲಿ ಉಳಿಯುವುದು ಅದೇ.

ಉತ್ತರ: ಸರ್ವರ್‌ಕೋಣೆ

ಸರ್, ಮೊದಲು ವಿಳಾಸದಿಂದ ಶುರು ಮಾಡಿ. ಹೆಚ್ಚಿನ ಮುಜುಗರ ಅಲ್ಲೇ ಹುಟ್ಟುವುದು. ಹೆಸರಿನ ಎರಡಕ್ಷರ ಒತ್ತುತ್ತಿದ್ದಂತೆ ಔಟ್‌ಲುಕ್ ತಾನೇ ಒಂದು ಪಟ್ಟಿ ಬಿಡಿಸುತ್ತದೆ. ಕೈ ಅಭ್ಯಾಸಬಲದಿಂದ ಟ್ಯಾಬ್ ಒತ್ತುತ್ತದೆ, ಕಣ್ಣು ಅಷ್ಟರಲ್ಲಿ ಸಬ್ಜೆಕ್ಟ್ ಮೇಲೆ ಹೋಗಿರುತ್ತದೆ. ನಿಮ್ಮ ಸ್ಟೋರ್ಸ್ ವಿಭಾಗದ ರಮೇಶ್ ಇರಬೇಕಾದ ಜಾಗದಲ್ಲಿ ಸಪ್ಲೈಯರ್ ಕಂಪನಿಯ ರಮೇಶ್ ಕೂತಿರುತ್ತಾರೆ.

ಇದಕ್ಕೆ ದೊಡ್ಡ ಉದಾಹರಣೆ ಆಸ್ಟ್ರೇಲಿಯಾದ್ದು. 2014ರ ನವೆಂಬರಿನಲ್ಲಿ ಬ್ರಿಸ್ಬೇನ್‌ನಲ್ಲಿ ಜಿ20 ಸಭೆ ಇತ್ತು. ಅಲ್ಲಿಗೆ ಬರಲಿದ್ದ ನಾಯಕರ ಪಾಸ್‌ಪೋರ್ಟ್ ನಂಬರ್, ಹುಟ್ಟಿದ ದಿನಾಂಕ, ವೀಸಾ ವಿವರ ಎಲ್ಲವನ್ನೂ ವಲಸೆ ಇಲಾಖೆಯ ನೌಕರರೊಬ್ಬರು ಏಷ್ಯನ್ ಕಪ್ ಫುಟ್‌ಬಾಲ್ ಟೂರ್ನಿಯ ಸಂಘಟಕರಿಗೆ ಕಳಿಸಿಬಿಟ್ಟರು. ಒಬಾಮಾ, ಪುಟಿನ್, ನಮ್ಮ ಮೋದಿಯವರ ವಿವರವೂ ಅದರಲ್ಲಿತ್ತು. ಕಾರಣ ಇಷ್ಟೇ: ಔಟ್‌ಲುಕ್ ತಾನಾಗಿ ತುಂಬಿದ ವಿಳಾಸವನ್ನು ಅವರು ತಿರುಗಿ ನೋಡಲಿಲ್ಲ.

ಮಾಡಬೇಕಾದದ್ದು: ಪಟ್ಟಿ ಬಿಡಿಸಿಕೊಂಡಾಗ ಬೇಡದ ಹೆಸರಿನ ಬಲಕ್ಕೆ ಪುಟ್ಟ ಗುಣಾಕಾರ ಚಿಹ್ನೆ ಇರುತ್ತದೆ, ಅದನ್ನು ಒತ್ತಿ ಆ ವಿಳಾಸ ತೆಗೆದುಹಾಕಿ. ಕೆಲಸ ಬಿಟ್ಟುಹೋದವರ, ಹಳೇ ಸಪ್ಲೈಯರ್‌ಗಳ ವಿಳಾಸ ಹೀಗೆ ಒಂದೊಂದಾಗಿ ಕಳೆಯಬಹುದು. ಪೂರ್ತಿ ಸ್ವಚ್ಛ ಮಾಡಬೇಕಿದ್ದರೆ ಫೈಲ್, ಆಪ್ಷನ್ಸ್, ಮೇಲ್ ಒಳಗೆ ‘ಸೆಂಡ್ ಮೆಸೇಜಸ್’ ವಿಭಾಗದಲ್ಲಿ ‘ಎಂಪ್ಟಿ ಆಟೋ ಕಂಪ್ಲೀಟ್ ಲಿಸ್ಟ್’ ಗುಂಡಿ ಇದೆ. ಸಂಬಳ, ಟೆಂಡರ್, ಶಿಸ್ತುಕ್ರಮ ಇಂಥದ್ದನ್ನು ನೋಡಿಕೊಳ್ಳುವವರ ಸಿಸ್ಟಮ್ಮಿನಲ್ಲಿ ಅದರ ಪಕ್ಕದ ಟಿಕ್ ತೆಗೆದು, ಈ ಸೌಲಭ್ಯವನ್ನೇ ನಿಲ್ಲಿಸಿಬಿಡಿ. ಎರಡು ವಾರ ಗೊಣಗುತ್ತಾರೆ, ಆಮೇಲೆ ರೂಢಿಯಾಗುತ್ತದೆ. ಜಿಮೇಲಿನಲ್ಲಿ ಸೆಟ್ಟಿಂಗ್ಸ್, ಜನರಲ್ ಒಳಗೆ ‘ಕ್ರಿಯೇಟ್ ಕಾಂಟ್ಯಾಕ್ಟ್ಸ್ ಫಾರ್ ಆಟೋ ಕಂಪ್ಲೀಟ್’ ಅಂತಿದೆ. ಅಲ್ಲಿ ‘ಐ ವಿಲ್ ಆ್ಯಡ್ ಕಾಂಟ್ಯಾಕ್ಟ್ಸ್ ಮೈಸೆಲ್ಫ್’ ಆರಿಸಿ. ಅಲ್ಲೇ ‘ಡಿಫಾಲ್ಟ್ ರಿಪ್ಲೈ ಬಿಹೇವಿಯರ್’ ಇದೆ, ಅದು ‘ರಿಪ್ಲೈ’ ಮೇಲೇ ಇರಲಿ, ‘ರಿಪ್ಲೈ ಆಲ್’ ಮೇಲೆ ಬೇಡ.

ಇದಕ್ಕಿಂತ ಸುಲಭದ ಅಭ್ಯಾಸ, ವಿಳಾಸವನ್ನು ಕೊನೆಗೆ ತುಂಬುವುದು. ಮೊದಲು ಫೈಲ್ ಲಗತ್ತಿಸಿ, ಆಮೇಲೆ ಒಕ್ಕಣೆ, ಆಮೇಲೆ ಸಬ್ಜೆಕ್ಟ್, ಎಲ್ಲಾ ಮುಗಿದ ಮೇಲೆ ಟು. ಟು, ಸಿಸಿ, ಬಿಸಿಸಿ (ಇತರರಿಗೆ ಕಾಣದಂತೆ ವಿಳಾಸ ಹಾಕುವ ಖಾನೆ) ಮೂರೂ ಖಾಲಿ ಇರುವಾಗ ಕೈತಪ್ಪಿ ಸೆಂಡ್ ಒತ್ತಿದರೂ ಮೇಲ್ ಜಾಗ ಬಿಟ್ಟು ಕದಲುವುದಿಲ್ಲ.

ಎರಡನೆಯದು ತಡೆ. ಜಿಮೇಲಿನಲ್ಲಿ ಸೆಟ್ಟಿಂಗ್ಸ್, ‘ಸೀ ಆಲ್ ಸೆಟ್ಟಿಂಗ್ಸ್’, ಜನರಲ್, ‘ಅನ್‌ಡೂ ಸೆಂಡ್’. 5, 10, 20, 30 ಸೆಕೆಂಡ್ ಅಂತ ನಾಲ್ಕು ಆಯ್ಕೆ ಇವೆ, 30 ಹಾಕಿ. ಪುಟದ ತೀರಾ ಕೆಳಗೆ ‘ಸೇವ್ ಚೇಂಜಸ್’ ಒತ್ತದಿದ್ದರೆ ಏನೂ ಬದಲಾಗಿರುವುದಿಲ್ಲ. ಬಹಳ ಜನ ಎಡವುವುದು ಇಲ್ಲೇ, 30 ಹಾಕಿದ್ದೇವೆ ಅಂದುಕೊಂಡು 5ರಲ್ಲೇ ಇರುತ್ತಾರೆ.

ಕ್ಲಾಸಿಕ್ ಔಟ್‌ಲುಕ್‌ನಲ್ಲಿ ಇನ್ನೂ ಗಟ್ಟಿ ದಾರಿ ಇದೆ. ಹೋಮ್ ಟ್ಯಾಬಿನಲ್ಲಿ ರೂಲ್ಸ್, ‘ಮ್ಯಾನೇಜ್ ರೂಲ್ಸ್ ಆ್ಯಂಡ್ ಅಲರ್ಟ್ಸ್’, ನ್ಯೂ ರೂಲ್, ‘ಅಪ್ಲೈ ರೂಲ್ ಆನ್ ಮೆಸೇಜಸ್ ಐ ಸೆಂಡ್’, ನೆಕ್ಸ್ಟ್. ಷರತ್ತುಗಳ ಪಟ್ಟಿಯಲ್ಲಿ ಏನನ್ನೂ ಟಿಕ್ ಮಾಡದೆ ಮತ್ತೆ ನೆಕ್ಸ್ಟ್. ‘ನೀವು ಕಳಿಸುವ ಪ್ರತಿ ಮೇಲ್‌ಗೂ ಅನ್ವಯವಾಗುತ್ತದೆ, ಸರಿಯೇ’ ಅಂತ ಕೇಳುತ್ತದೆ, ಯೆಸ್. ಮುಂದಿನ ಪಟ್ಟಿಯಲ್ಲಿ ‘ಡಿಫರ್ ಡೆಲಿವರಿ ಬೈ ಎ ನಂಬರ್ ಆಫ್ ಮಿನಿಟ್ಸ್’ ಟಿಕ್ ಮಾಡಿ, ಕೆಳಗೆ ಗೆರೆ ಎಳೆದ ಪದ ಒತ್ತಿ 2 ಹಾಕಿ. 120 ನಿಮಿಷದವರೆಗೂ ಹಾಕಲು ಬರುತ್ತದೆ. ವಿನಾಯಿತಿಯ ಪುಟದಲ್ಲಿ ‘ಹೈ ಇಂಪಾರ್ಟೆನ್ಸ್’ ಗುರುತಿದ್ದರೆ ಬಿಟ್ಟುಬಿಡು ಅಂತ ಹೇಳಿಟ್ಟರೆ ತುರ್ತು ಮೇಲ್ ತಕ್ಷಣ ಹೋಗುತ್ತದೆ.

ಇದರಲ್ಲಿ ಎರಡು ತೊಡಕಿವೆ, ತರಬೇತಿಯಲ್ಲಿ ಮರೆಯದೆ ಹೇಳಿ. ಮೇಲ್ ಆ ಎರಡು ನಿಮಿಷ ಔಟ್‌ಬಾಕ್ಸಿನಲ್ಲಿ ಇರುತ್ತದೆ. ಸೆಂಡ್ ಒತ್ತಿ ತಕ್ಷಣ ಔಟ್‌ಲುಕ್ ಮುಚ್ಚಿ ಮನೆಗೆ ಹೋದರೆ ಮರುದಿನ ತೆರೆದಾಗಲೇ ಹೋಗುವುದು. ಇನ್ನೊಂದು, ಔಟ್‌ಬಾಕ್ಸಿನಲ್ಲಿ ಇರುವ ಮೇಲನ್ನು ತೆರೆದು ನೋಡಿ ಹಾಗೇ ಮುಚ್ಚಿದರೆ ಓರೆ ಅಕ್ಷರದಲ್ಲಿದ್ದ ಸಬ್ಜೆಕ್ಟ್ ನೆಟ್ಟಗಾಗುತ್ತದೆ. ಹಾಗಾದರೆ ಅದು ಮತ್ತೆ ಸೆಂಡ್ ಒತ್ತುವವರೆಗೂ ಅಲ್ಲೇ ಉಳಿಯುತ್ತದೆ ಅಂತ ಅರ್ಥ.

ಇನ್ನು ‘ರೀಕಾಲ್’, ಅಂದರೆ ಹೋದ ಮೇಲನ್ನು ವಾಪಸ್ ಕರೆಸುವುದು. ಹೊಸಬರು ಇದನ್ನು ಬಹಳ ನಂಬಿಕೊಂಡಿರುತ್ತಾರೆ. ಸೆಂಟ್ ಐಟಮ್ಸ್‌ನಲ್ಲಿ ಮೇಲನ್ನು ಡಬಲ್ ಕ್ಲಿಕ್ ಮಾಡಿ ಬೇರೆ ಕಿಟಕಿಯಲ್ಲಿ ತೆರೆದು, ಫೈಲ್, ಇನ್ಫೋ, ‘ರೀಸೆಂಡ್ ಆರ್ ರೀಕಾಲ್’. ನಿಮ್ಮದೇ ಸಂಸ್ಥೆಯೊಳಗಿನವರಿಗೆ ಹೋದ ಮೇಲ್‌ಗೆ ಮಾತ್ರ ಇದು ನಡೆಯುತ್ತದೆ. ಶಾಖೆಯ ಜಿಮೇಲ್‌ಗೆ, ಗ್ರಾಹಕರಿಗೆ, ಬ್ಯಾಂಕಿಗೆ ಹೋದದ್ದನ್ನು ವಾಪಸ್ ತರಲಾಗದು. ಯಾಕೆಂದರೆ ಅವರ ಸರ್ವರ್ ಮೇಲನ್ನು ಸ್ವೀಕರಿಸಿದ ಕ್ಷಣದಿಂದ ಆ ಪ್ರತಿ ಅವರದು, ಅದರ ಮೇಲೆ ನಮ್ಮ ಸರ್ವರ್‌ಗೆ ಯಾವ ಅಧಿಕಾರವೂ ಇಲ್ಲ. ಕ್ಲೌಡ್‌ನಲ್ಲಿರುವ ಎಕ್ಸ್‌ಚೇಂಜ್‌ನ (ಮೈಕ್ರೋಸಾಫ್ಟ್‌ನ ಮೇಲ್ ಸರ್ವರ್) ರೀಕಾಲ್ 2023ರಿಂದ ಸುಧಾರಿಸಿದೆ, ಸಂಸ್ಥೆಯೊಳಗೆ ಓದಿ ಆದ ಮೇಲನ್ನೂ ತೆಗೆಯಬಲ್ಲದು. ಆದರೆ ಕಚೇರಿಯೊಳಗೇ ಎಕ್ಸ್‌ಚೇಂಜ್ ಸರ್ವರ್ ಇಟ್ಟುಕೊಂಡವರಲ್ಲಿ ಹಳೇ ಪದ್ಧತಿ. ಓದಿದ್ದರೆ, ಇಲ್ಲಾ ಅವರ ರೂಲ್ ಪ್ರಕಾರ ಬೇರೆ ಫೋಲ್ಡರಿಗೆ ಹೋಗಿದ್ದರೆ ಏನೂ ಆಗದು. ಬದಲಿಗೆ ‘ಇಂಥವರು ಈ ಮೇಲನ್ನು ವಾಪಸ್ ಪಡೆಯಲು ಬಯಸುತ್ತಾರೆ’ ಅಂತ ಒಂದು ಸೂಚನೆ ಹೋಗುತ್ತದೆ. ಅದುವರೆಗೂ ಓದದೆ ಬಿಟ್ಟಿದ್ದವರೂ ಆಗ ಹುಡುಕಿ ಓದುತ್ತಾರೆ.

ಉತ್ತರ: ಸಂಬಳಪಟ್ಟಿ

ವಿಳಾಸದ ವಿಷಯ ಚೆನ್ನಾಗಿ ಬಂದಿದೆ. ನಾನು ಲಗತ್ತಿನ ಕಡೆ ಬರುತ್ತೇನೆ, ಲೆಕ್ಕಪತ್ರದವರಿಗೆ ಅದೇ ಮುಖ್ಯ.

ಫೈಲ್ ಹಾಕದೆಯೇ ‘ಲಗತ್ತಿಸಿದೆ, ಪರಿಶೀಲಿಸಿ’ ಅಂತ ಕಳಿಸುವುದು ದಿನಾ ನಡೆಯುವ ತಪ್ಪು, ಹಾನಿ ಏನಿಲ್ಲ. ಒಕ್ಕಣೆಯಲ್ಲಿ ‘ಅಟ್ಯಾಚ್ಡ್’ ಅನ್ನುವ ಇಂಗ್ಲಿಷ್ ಪದ ಕಂಡರೆ ಜಿಮೇಲೂ ಔಟ್‌ಲುಕ್ಕೂ ಎಚ್ಚರಿಸುತ್ತವೆ. ಕನ್ನಡದಲ್ಲಿ ಬರೆಯುವವರು ಆ ಎಚ್ಚರಿಕೆಯನ್ನು ನಂಬಿ ಕೂರಬಾರದು. ಥಂಡರ್‌ಬರ್ಡ್ ಅನ್ನುವ ಮೇಲ್ ತಂತ್ರಾಂಶ ಬಳಸುವವರಿದ್ದರೆ ಅನುಕೂಲ ಇದೆ: ಸೆಟ್ಟಿಂಗ್ಸ್, ಕಾಂಪೊಸಿಷನ್ ಒಳಗೆ ‘ಚೆಕ್ ಫಾರ್ ಮಿಸ್ಸಿಂಗ್ ಅಟ್ಯಾಚ್‌ಮೆಂಟ್ಸ್’ ಪಕ್ಕದ ಕೀವರ್ಡ್ಸ್ ಪಟ್ಟಿಗೆ ‘ಲಗತ್ತು’, ‘ಲಗತ್ತಿಸಿದೆ’, ‘ಲಗತ್ತಿಸಲಾಗಿದೆ’ ಮೂರನ್ನೂ ನಾವೇ ಸೇರಿಸಬಹುದು.

ಹಾನಿ ಮಾಡುವುದು ಬೇರೆ ಫೈಲ್ ಹೋಗುವುದು, ಅಥವಾ ಸರಿಯಾದ ಫೈಲಿನೊಳಗೆ ಬೇಡದ್ದು ಹೋಗುವುದು. ಎಕ್ಸೆಲ್‌ನ ಪಿವಟ್ ಟೇಬಲ್, ಅಂದರೆ ದೊಡ್ಡ ಪಟ್ಟಿಯ ಮೊತ್ತಗಳನ್ನು ಸಾರಾಂಶವಾಗಿ ತೋರಿಸುವ ಕೋಷ್ಟಕ, ತೆಗೆದುಕೊಳ್ಳಿ. ವಿಭಾಗವಾರು ಒಟ್ಟು ಸಂಬಳ ಮಾತ್ರ ತೋರಿಸುವ ನಾಲ್ಕು ಸಾಲಿನ ಪಿವಟ್ ಮಾಡಿ, ಮೂಲ ಶೀಟನ್ನು ಡಿಲೀಟ್ ಮಾಡಿ ಕಳಿಸುತ್ತಾರೆ. ಪಡೆದವರು ‘ಮಾರಾಟ ವಿಭಾಗ’ದ ಮೊತ್ತದ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಹೊಸ ಶೀಟ್ ತೆರೆದುಕೊಂಡು ಆ ವಿಭಾಗದ ಪ್ರತಿಯೊಬ್ಬರ ಹೆಸರು, ಸಂಬಳ, ಕಡಿತ ಸಾಲಾಗಿ ಬಂದು ನಿಲ್ಲುತ್ತದೆ. ಪಿವಟ್ ತನ್ನೊಳಗೆ ಮೂಲ ಮಾಹಿತಿಯ ಒಂದು ನಕಲು ಇಟ್ಟುಕೊಂಡಿರುತ್ತದೆ, ಶೀಟ್ ಅಳಿಸಿದರೂ ಅದು ಹೋಗುವುದಿಲ್ಲ. ಇದನ್ನು ತರಬೇತಿಯಲ್ಲಿ ಪರದೆ ಮೇಲೆ ಮಾಡಿ ತೋರಿಸಿ, ಎಲ್ಲರೂ ಎದ್ದು ಕೂರುತ್ತಾರೆ.

ಪರಿಹಾರ: ಹೊರಗೆ ಹೋಗುವ ಕೋಷ್ಟಕವನ್ನು ಕಾಪಿ ಮಾಡಿ ಹೊಸ ವರ್ಕ್‌ಬುಕ್‌ನಲ್ಲಿ ‘ಪೇಸ್ಟ್ ವ್ಯಾಲ್ಯೂಸ್’ ಮಾಡಿ, ಇಲ್ಲವೇ ಪಿಡಿಎಫ್ ಮಾಡಿ. ಎಕ್ಸೆಲ್ ಫೈಲೇ ಕಳಿಸಬೇಕಿದ್ದರೆ ಫೈಲ್, ಇನ್ಫೋ, ‘ಚೆಕ್ ಫಾರ್ ಇಶ್ಯೂಸ್’, ‘ಇನ್‌ಸ್ಪೆಕ್ಟ್ ಡಾಕ್ಯುಮೆಂಟ್’ ಓಡಿಸಿ, ಬಚ್ಚಿಟ್ಟ ಸಾಲು, ಕಾಲಂ, ಶೀಟು, ಕಾಮೆಂಟು ಎಲ್ಲ ತೋರಿಸುತ್ತದೆ. ಪಿಡಿಎಫ್‌ನಲ್ಲಿ ಕಪ್ಪು ಪಟ್ಟಿ ಎಳೆದು ಆಧಾರ್ ನಂಬರ್ ಮುಚ್ಚುವುದೂ ಇದೇ ಜಾತಿಯ ತಪ್ಪು. ಪಟ್ಟಿಯ ಕೆಳಗಿನ ಅಕ್ಷರವನ್ನು ಸೆಲೆಕ್ಟ್ ಮಾಡಿ ಕಾಪಿ ಮಾಡಿದರೆ ಹಾಗೇ ಬರುತ್ತದೆ.

ಮೇಲ್ ಮರ್ಜ್, ಅಂದರೆ ಒಂದೇ ಒಕ್ಕಣೆಗೆ ಪಟ್ಟಿಯಿಂದ ಹೆಸರು, ಮೊತ್ತ ತುಂಬಿ ಒಬ್ಬೊಬ್ಬರಿಗೂ ಕಳಿಸುವುದು, ಇನ್ನೊಂದು ಗಂಡಾಂತರ. ‘ಮಾನ್ಯ ಶ್ರೀ ಗೀತಾ’, ‘ಪ್ರಿಯ’ ಆದಮೇಲೆ ಖಾಲಿ ಜಾಗ, ಇಂಥವು ಬರೀ ನಗೆಪಾಟಲು. ಒಬ್ಬರ ಹೆಸರಿಗೆ ಇನ್ನೊಬ್ಬರ ಬಾಕಿ ಮೊತ್ತ ಹೋದರೆ ಜಗಳ. ಅದು ಆಗುವುದು ಹೀಗೆ: ಎಕ್ಸೆಲ್‌ನಲ್ಲಿ ಹೆಸರಿನ ಕಾಲಂ ಒಂದನ್ನೇ ಆರಿಸಿ ಸಾರ್ಟ್ ಒತ್ತುತ್ತಾರೆ. ಆಗ ಎಕ್ಸೆಲ್ ‘ಎಕ್ಸ್‌ಪಾಂಡ್ ದ ಸೆಲೆಕ್ಷನ್’ ಬೇಕೋ ‘ಕಂಟಿನ್ಯೂ ವಿತ್ ದ ಕರೆಂಟ್ ಸೆಲೆಕ್ಷನ್’ ಬೇಕೋ ಅಂತ ಕೇಳುತ್ತದೆ. ಎರಡನೆಯದು ಒತ್ತಿದರೆ ಹೆಸರುಗಳು ಮಾತ್ರ ಅಕಾರಾದಿಯಾಗಿ ಜರುಗುತ್ತವೆ, ಮೇಲ್ ವಿಳಾಸ ಮತ್ತು ಮೊತ್ತ ಇದ್ದಲ್ಲೇ ಇರುತ್ತವೆ. ನೋಡಲು ಪಟ್ಟಿ ಅಚ್ಚುಕಟ್ಟಾಗೇ ಕಾಣುತ್ತದೆ, ಅದೇ ಅಪಾಯ. ಪಟ್ಟಿ ತೆರೆದ ಕೂಡಲೇ ಕಂಟ್ರೋಲ್ + ಟಿ ಒತ್ತಿ ಟೇಬಲ್ ಮಾಡಿಟ್ಟರೆ ಇಡೀ ಸಾಲು ಒಟ್ಟಿಗೇ ಜರುಗುತ್ತದೆ.

ವರ್ಡ್‌ನಲ್ಲಿ ‘ಫಿನಿಶ್ ಆ್ಯಂಡ್ ಮರ್ಜ್’, ‘ಸೆಂಡ್ ಇಮೇಲ್ ಮೆಸೇಜಸ್’ ಒತ್ತಿದರೆ ಮಧ್ಯೆ ಇನ್ನೊಮ್ಮೆ ತೋರಿಸದೆ ಎಲ್ಲವನ್ನೂ ಕಳಿಸಿಬಿಡುತ್ತದೆ. ಹಾಗಾಗಿ ಪಟ್ಟಿಯ ಮೊದಲ ಮೂರು ಸಾಲಿನಲ್ಲಿ ನಿಮ್ಮದೇ ಆಫೀಸಿನ ಮೂರು ವಿಳಾಸ ಹಾಕಿ, ಸೆಂಡ್ ರೆಕಾರ್ಡ್ಸ್‌ನಲ್ಲಿ 1ರಿಂದ 3 ಅಂತ ಕೊಟ್ಟು ಮೊದಲು ಅದನ್ನು ನೋಡಿ. ಆಮೇಲೆ ಔಟ್‌ಲುಕ್‌ನ ಸೆಂಡ್ ರಿಸೀವ್ ಟ್ಯಾಬಿನಲ್ಲಿ ‘ವರ್ಕ್ ಆಫ್‌ಲೈನ್’ ಒತ್ತಿ ಉಳಿದದ್ದನ್ನು ಬಿಡಿ. ಎಲ್ಲವೂ ಔಟ್‌ಬಾಕ್ಸಿನಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ನಡುವಿನಿಂದ ಐದಾರನ್ನು ತೆಗೆದು ಮೂಲ ಪಟ್ಟಿಯ ಜೊತೆ ತಾಳೆ ನೋಡಿ. ಹೀಗೆ ತೆರೆದವು ಮೇಲೆ ಹೇಳಿದಂತೆ ನಿಂತುಬಿಡಬಹುದು, ಅವನ್ನು ಮತ್ತೆ ಸೆಂಡ್ ಒತ್ತಿಯೇ ಮುಚ್ಚಿ. ಕೊನೆಗೆ ‘ವರ್ಕ್ ಆಫ್‌ಲೈನ್’ ತೆಗೆದರೆ ಎಲ್ಲ ಒಟ್ಟಿಗೆ ಹೊರಡುತ್ತವೆ.

ತಪ್ಪು ಪಟ್ಟಿ ಆರಿಸಿದ ಪ್ರಸಂಗಗಳು ಬೇಕೆಂದರೆ ಎರಡು. 2009ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ‘ನಿಮಗೆ ಪ್ರವೇಶ ಸಿಕ್ಕಿದೆ, ಬನ್ನಿ’ ಅನ್ನುವ ಮೇಲನ್ನು ಸೀಟು ಸಿಗದ ಸುಮಾರು 28,000 ಅರ್ಜಿದಾರರಿಗೂ ಕಳಿಸಿ ಕ್ಷಮೆ ಕೇಳಬೇಕಾಯಿತು. 2012ರ ಏಪ್ರಿಲ್‌ನಲ್ಲಿ ಲಂಡನ್ನಿನ ಅವಿವಾ ಇನ್ವೆಸ್ಟರ್ಸ್ ಸಂಸ್ಥೆ, ಕೆಲಸ ಬಿಡುತ್ತಿದ್ದ ಒಬ್ಬರಿಗೆ ಹೋಗಬೇಕಿದ್ದ ‘ಕಂಪನಿಯ ವಸ್ತುಗಳನ್ನು ಒಪ್ಪಿಸಿ ಹೊರಡಿ’ ಅನ್ನುವ ಮೇಲನ್ನು ಜಗತ್ತಿನಾದ್ಯಂತ ಇದ್ದ ಸುಮಾರು 1,300 ಸಿಬ್ಬಂದಿಗೂ ಕಳಿಸಿತು. ಎರಡರಲ್ಲೂ ಒಕ್ಕಣೆಯಲ್ಲಿ ಒಂದಕ್ಷರ ತಪ್ಪಿರಲಿಲ್ಲ.

ಟ್ರೇಲ್ ಮೇಲ್ ಬಗ್ಗೆಯೂ ಒಂದು ಮಾತು. ಒಳಗೊಳಗೇ ಹತ್ತು ಸಲ ಹೋಗಿ ಬಂದ ಮೇಲನ್ನು ಕೊನೆಗೆ ಯಾರೋ ಗ್ರಾಹಕರಿಗೆ ಫಾರ್ವರ್ಡ್ ಮಾಡುತ್ತಾರೆ. ಕೆಳಗೆ ಐದನೆಯ ಮೇಲಿನಲ್ಲಿ ‘ಇವರು ಚೌಕಾಸಿ ಮಾಡೇ ಮಾಡುತ್ತಾರೆ, ಮೊದಲೇ 8% ಏರಿಸಿಡಿ’ ಅಂತ ಇರುತ್ತದೆ. ಜಿಮೇಲಿನಲ್ಲಿ ಮರುಉತ್ತರ ಬರೆಯುವಾಗ ಹಳೆಯದೆಲ್ಲ ಮೂರು ಚುಕ್ಕಿಯ ಹಿಂದೆ ಮಡಚಿಕೊಂಡಿರುವುದರಿಂದ ಬರೆಯುವವರಿಗೆ ಕಾಣುವುದೇ ಇಲ್ಲ. ಆ ಚುಕ್ಕಿ ಒತ್ತಿ ಬಿಡಿಸಿ ಅಳಿಸಬೇಕು. ಆಫೀಸಿನಿಂದ ಹೊರಗೆ ಹೋಗುವುದಾದರೆ ಫಾರ್ವರ್ಡ್ ಬೇಡ, ಹೊಸ ಮೇಲ್ ತೆರೆದು ಬೇಕಾದಷ್ಟನ್ನೇ ಅಂಟಿಸಿ. ನಮ್ಮ ಆಫೀಸುಗಳಲ್ಲಿ ಜನರ ನಡುವೆ ಮನಸ್ತಾಪ ತರುವುದರಲ್ಲಿ ಇದಕ್ಕೆ ಸಮನಾದದ್ದು ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಉತ್ತರ: ಕೀಲಿಮಣೆ

ಅರ್ಧ ಮೇಲ್ ಕನ್ನಡದಲ್ಲಿ ಅಂದಿರಿ, ಅದಕ್ಕೆ ಬೇರೆಯೇ ಪಾಠ ಬೇಕು.

ಕನ್ನಡ ಟೈಪಿಂಗ್ ತಂತ್ರಾಂಶಗಳಾದ ‘ನುಡಿ’ಯ ಕೀಲಿಮಣೆಯಲ್ಲೂ ‘ಬರಹ’ದಲ್ಲೂ ಸಣ್ಣ ಎಲ್ ಒತ್ತಿದರೆ ‘ಲ’, ಶಿಫ್ಟ್ ಹಿಡಿದು ಒತ್ತಿದರೆ ‘ಳ’. ಶಿಫ್ಟ್ ಸರಿಯಾಗಿ ಕೂರದಿದ್ದರೆ ‘ನಿಮ್ಮ ಅಭಿಪ್ರಾಯ ಹೇಳಿ’ ಅನ್ನುವುದು ‘ನಿಮ್ಮ ಅಭಿಪ್ರಾಯ ಹೇಲಿ’ ಆಗುತ್ತದೆ. ಮೇಲಧಿಕಾರಿಗೆ ಹೋಗುವ ಪತ್ರದಲ್ಲಿ ಇದು ಹೋದರೆ ಏನಾಗುತ್ತದೆ ಅಂತ ವಿವರಿಸಬೇಕಿಲ್ಲ. ‘ಹಳ್ಳಿಗಳ ಸಮೀಕ್ಷೆ’ ‘ಹಲ್ಲಿಗಳ ಸಮೀಕ್ಷೆ’ಯಾಗುತ್ತದೆ, ‘ಬೆಳೆ ವಿಮೆ’ ‘ಬೆಲೆ ವಿಮೆ’ಯಾಗುತ್ತದೆ, ‘ತೊಗರಿ ಕಾಳು’ ‘ತೊಗರಿ ಕಾಲು’. ಕಾಗುಣಿತ ಪರೀಕ್ಷಕ ಇವನ್ನು ಹಿಡಿಯುವುದಿಲ್ಲ, ಯಾಕೆಂದರೆ ಹಲ್ಲಿ, ಬೆಲೆ, ಕಾಲು ಎಲ್ಲವೂ ನಿಜವಾದ ಪದಗಳೇ. ಕಳಿಸುವ ಮುಂಚೆ ಜಿಮೇಲಿನಲ್ಲಿ ಕಂಟ್ರೋಲ್ + ಎಫ್, ಕ್ಲಾಸಿಕ್ ಔಟ್‌ಲುಕ್‌ನಲ್ಲಿ ಎಫ್4 ಒತ್ತಿ ‘ಹೇಲ’ ಮತ್ತು ‘ಹಲ್ಲಿ’ ಹುಡುಕಿಸಿ. ಅರ್ಧ ನಿಮಿಷದ ಕೆಲಸ. ವರ್ಡ್ ಅಥವಾ ಲಿಬ್ರೆಆಫೀಸ್‌ನಲ್ಲಿ ಕರಡು ಮಾಡುವವರಾದರೆ ಆಟೋಕರೆಕ್ಟ್ ಪಟ್ಟಿಯಲ್ಲಿ ಎಡಕ್ಕೆ ‘ಹೇಲಿ’, ಬಲಕ್ಕೆ ‘ಹೇಳಿ’ ಸೇರಿಸಿಡಿ. ‘ಹೇಲಿದ’, ‘ಹೇಲಿದ್ದಾರೆ’, ‘ಹೇಲಲಾಗಿದೆ’ ಇವನ್ನೂ ಬೇರೆ ಬೇರೆಯಾಗಿ ಸೇರಿಸಬೇಕು, ಏಕೆಂದರೆ ಆಟೋಕರೆಕ್ಟ್ ಇಡೀ ಪದವನ್ನೇ ನೋಡುತ್ತದೆ.

ಇಂಗ್ಲಿಷ್ ಮೇಲ್‌ಗೂ ಇದೇ ಮದ್ದು. ‘ರಿಗಾರ್ಡ್ಸ್’ ಬರೆಯುವಾಗ ಜಿ ಕೀಲಿಯ ಮೇಲಿನ ಟಿ ಒತ್ತಿದರೆ ಬೈಗುಳವಾಗುತ್ತದೆ, ಮತ್ತು ಅದು ನಿಘಂಟಿನಲ್ಲಿರುವ ಪದವಾದ್ದರಿಂದ ಕೆಂಪು ಗೆರೆ ಬರುವುದಿಲ್ಲ. ‘ರಿಗಾರ್ಡ್ಸ್’ ಅನ್ನು ಸಹಿಯ ಭಾಗವಾಗಿ ಸಿಗ್ನೇಚರಿನಲ್ಲೇ ಹಾಕಿಟ್ಟರೆ ಬೆರಳಿಗೆ ತಪ್ಪುವ ಅವಕಾಶವೇ ಇರದು. ‘ಇನ್‌ಕನ್ವೀನಿಯೆನ್ಸ್’ಗೆ ವಿಷಾದಿಸುತ್ತೇವೆ ಅಂತ ಬರೆಯಹೋಗಿ ಕಾಗುಣಿತ ತಪ್ಪಿಸಿ, ಕಂಪ್ಯೂಟರ್ ಕೊಟ್ಟ ಮೊದಲ ಸಲಹೆ ಒತ್ತಿ, ‘ಇನ್‌ಕಾಂಟಿನೆನ್ಸ್’ಗೆ, ಅಂದರೆ ಮೂತ್ರ ತಡೆಯಲಾಗದ ಕಾಯಿಲೆಗೆ, ವಿಷಾದ ಸೂಚಿಸಿದ ಮೇಲ್‌ಗಳು ಲೋಕದಲ್ಲಿ ಬೇಕಾದಷ್ಟಿವೆ. ಔಟ್‌ಲುಕ್‌ನಲ್ಲಿ ಫೈಲ್, ಆಪ್ಷನ್ಸ್, ಮೇಲ್, ‘ಸ್ಪೆಲ್ಲಿಂಗ್ ಆ್ಯಂಡ್ ಆಟೋಕರೆಕ್ಟ್’ ಒಳಗೆ ನಿಮ್ಮವರು ಸಾಮಾನ್ಯವಾಗಿ ತಪ್ಪುವ ಪದಗಳನ್ನು ಸೇರಿಸಬಹುದು.

ಇನ್ನೊಂದು ನಮ್ಮಲ್ಲೇ ಇರುವ ತೊಂದರೆ, ನುಡಿಯ ಹಳೇ ಫಾಂಟಿನ ಅಕ್ಷರ. ಅದು ಯೂನಿಕೋಡ್ (ಎಲ್ಲ ಕಂಪ್ಯೂಟರು, ಫೋನುಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತ) ಅಲ್ಲ. ಒಳಗಿರುವುದು ಲ್ಯಾಟಿನ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ, ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕಿರುತ್ತದೆ. ಅದನ್ನು ಮೇಲ್‌ಗೆ ಅಂಟಿಸಿ ಕಳಿಸಿದರೆ ನಿಮ್ಮ ಪರದೆಯಲ್ಲಿ ಸರಿಯಾಗೇ ಕಾಣುತ್ತದೆ, ಆ ಫಾಂಟ್ ಇಲ್ಲದ ಫೋನಿನಲ್ಲಿ ತೆರೆದವರಿಗೆ ಬರೀ ಗೀಚು. ಸಬ್ಜೆಕ್ಟ್ ಸಾಲಿಗೆ ಫಾಂಟ್ ಆಯ್ಕೆಯೇ ಇಲ್ಲದ್ದರಿಂದ ಅಲ್ಲಿ ಎಲ್ಲರಿಗೂ ಗೀಚೇ. ಗುರುತಿಸುವ ಸುಲಭ ಉಪಾಯ: ಬರೆದದ್ದನ್ನು ಮೊದಲು ಸಬ್ಜೆಕ್ಟ್ ಸಾಲಿಗೆ ಅಂಟಿಸಿ ನೋಡಿ. ಅಲ್ಲಿ ಕನ್ನಡ ಕಂಡರೆ ಯೂನಿಕೋಡ್, ಗೀಚು ಕಂಡರೆ ಪರಿವರ್ತಕದಲ್ಲಿ ಹಾಕಿ ಬದಲಾಯಿಸಿ. ಬದಲಾಯಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಮತ್ತು ಅಂಕಿಗಳನ್ನು ಮೂಲದ ಜೊತೆ ಹೋಲಿಸಿ ನೋಡಿ. ಕಳಚಿಕೊಳ್ಳುವುದು ಸಾಮಾನ್ಯವಾಗಿ ಅವೇ.

ಎರಡು ಭಾಷೆಯ ಆಫೀಸುಗಳಿಗೆ ಪಾಠವಾಗುವ ಒಂದು ಪ್ರಸಂಗ ವೇಲ್ಸ್‌ನದ್ದು. 2008ರಲ್ಲಿ ಸ್ವಾನ್ಸಿ ನಗರಸಭೆಯವರಿಗೆ ‘ಭಾರಿ ವಾಹನಗಳಿಗೆ ಪ್ರವೇಶವಿಲ್ಲ, ವಸತಿ ಪ್ರದೇಶ ಮಾತ್ರ’ ಅನ್ನುವ ಫಲಕ ವೆಲ್ಶ್ ಭಾಷೆಯಲ್ಲೂ ಬೇಕಿತ್ತು. ಅನುವಾದಕ್ಕೆ ಮೇಲ್ ಹಾಕಿದರು, ವೆಲ್ಶ್‌ನಲ್ಲಿ ಉತ್ತರ ಬಂತು, ಅದನ್ನೇ ಫಲಕದ ಮೇಲೆ ಬರೆಸಿ ರಸ್ತೆಯಲ್ಲಿ ನಿಲ್ಲಿಸಿದರು. ವೆಲ್ಶ್ ಬಲ್ಲವರು ಓದಿದಾಗ ಗೊತ್ತಾಯಿತು, ಅದರಲ್ಲಿದ್ದದ್ದು ‘ನಾನು ಈಗ ಕಚೇರಿಯಲ್ಲಿಲ್ಲ, ಅನುವಾದದ ಕೆಲಸವಿದ್ದರೆ ಕಳಿಸಿ’. ಅನುವಾದಕರ ಸ್ವಯಂಉತ್ತರ! ನಿಮ್ಮ ಸಿಬ್ಬಂದಿ ರಜೆಯ ಸ್ವಯಂಉತ್ತರ ಹಾಕುವಾಗ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆಯಲಿ, ಒಕ್ಕಣೆಯ ಮೊದಲ ಪದವೇ ‘ರಜೆ’ ಅಂತ ಇರಲಿ.

ಮರುಪ್ರಶ್ನೆ: ಆಡಳಿತ_ಹುಬ್ಬಳ್ಳಿ

ತುಂಬಾ ಉಪಕಾರವಾಯಿತು. ಪಿವಟ್ ಟೇಬಲ್ ವಿಷಯ ನಮ್ಮ ಲೆಕ್ಕಪತ್ರದವರಿಗೆ ಇವತ್ತೇ ಹೇಳುತ್ತೇನೆ. ಇನ್ನೆರಡು ಕೇಳುವುದಿದೆ. ನಮ್ಮ ‘ಎಲ್ಲ ಸಿಬ್ಬಂದಿ’ ಗುಂಪಿಗೆ ಯಾರು ಬೇಕಾದರೂ ಮೇಲ್ ಹಾಕಬಹುದು, ಅದನ್ನು ಹೇಗೆ ಬಿಗಿ ಮಾಡುವುದು? ಗ್ರಾಹಕರಿಗೆ ಸುತ್ತೋಲೆ ಕಳಿಸುವಾಗ ಬಿಸಿಸಿ ಬಳಸಿ ಅಂತ ಹೇಳಿಕೊಟ್ಟರೆ ಸಾಕೇ?

ಉತ್ತರ: ಸರ್ವರ್‌ಕೋಣೆ

ಗುಂಪಿನ ವಿಷಯ ಮೊದಲು. ರಿಪ್ಲೈ ಆಲ್ ಮಹಾಪೂರ ಹುಟ್ಟುವುದಕ್ಕೆ ಎರಡೇ ಬೇಕು: ದೊಡ್ಡ ಗುಂಪು, ಅದಕ್ಕೆ ಎಲ್ಲರಿಗೂ ಬರೆಯುವ ಅನುಮತಿ. ಒಬ್ಬರು ‘ಇದು ನನಗೇಕೆ ಬಂತು’ ಅಂತ ಎಲ್ಲರಿಗೂ ಕೇಳುತ್ತಾರೆ. ನೂರು ಜನ ‘ನನ್ನನ್ನೂ ತೆಗೆಯಿರಿ’ ಅಂತ ಎಲ್ಲರಿಗೂ ಬರೆಯುತ್ತಾರೆ. ಇನ್ನು ನೂರು ಜನ ‘ದಯವಿಟ್ಟು ರಿಪ್ಲೈ ಆಲ್ ಮಾಡಬೇಡಿ’ ಅಂತ ರಿಪ್ಲೈ ಆಲ್ ಮಾಡುತ್ತಾರೆ. 1997ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ಒಳಗೇ ‘ಬೆಡ್‌ಲ್ಯಾಂ ಡಿಎಲ್3’ ಅನ್ನುವ ಪಟ್ಟಿಯಲ್ಲಿ ಇದೇ ಆಗಿ ಮೇಲ್ ವ್ಯವಸ್ಥೆ ಕುಸಿಯಿತು. 2016ರ ನವೆಂಬರ್ 14ರಂದು ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಒಂದು ಪರೀಕ್ಷಾ ಮೇಲ್ 8 ಲಕ್ಷಕ್ಕೂ ಹೆಚ್ಚು ನೌಕರರಿಗೆ ಹೋಗಿ, ಉತ್ತರದ ಮೇಲೆ ಉತ್ತರ ಬಂದು ಮೇಲ್ ತೆವಳಿತು.

ಮೈಕ್ರೋಸಾಫ್ಟ್ 2020ರಲ್ಲಿ ಇದಕ್ಕೆ ತಡೆ ತಂದಿತು. ಆರಂಭದ ಲೆಕ್ಕ ಹೀಗಿತ್ತು: 5,000ಕ್ಕೂ ಹೆಚ್ಚು ಜನರಿರುವ ಮೇಲ್‌ಗೆ 60 ನಿಮಿಷದಲ್ಲಿ 10 ರಿಪ್ಲೈ ಆಲ್ ಬಂದರೆ ಮುಂದಿನ 4 ಗಂಟೆ ಉತ್ತರಗಳನ್ನು ನಿಲ್ಲಿಸುವುದು. ನಿಮ್ಮಂಥ ಸಣ್ಣ ಆಫೀಸಿಗೆ 5,000 ಯಾವತ್ತೂ ಮುಟ್ಟುವುದಿಲ್ಲ. ಈ ಅಂಕಿಗಳನ್ನು ಅಡ್ಮಿನ್ ಇಳಿಸಿಕೊಳ್ಳಬಹುದು, ಆದರೂ ಅದರ ಭರವಸೆಯಲ್ಲಿ ಕೂರಬೇಡಿ.

ನಿಜವಾದ ಬೀಗ ಗುಂಪಿನ ಸೆಟ್ಟಿಂಗಿನಲ್ಲಿದೆ. ಎಕ್ಸ್‌ಚೇಂಜ್ ಅಡ್ಮಿನ್ ಸೆಂಟರಿನಲ್ಲಿ ಆ ಗುಂಪು ತೆರೆದು, ಸೆಟ್ಟಿಂಗ್ಸ್ ಒಳಗೆ ‘ಡೆಲಿವರಿ ಮ್ಯಾನೇಜ್‌ಮೆಂಟ್’ನಲ್ಲಿ ಕಳಿಸಲು ಅನುಮತಿ ಇರುವ ನಾಲ್ಕೈದು ಹೆಸರು ಮಾತ್ರ ಸೇರಿಸಿ. ಇತರರು ಬರೆದರೆ ಮೇಲ್ ಅವರಿಗೇ ವಾಪಸ್ ಬರುತ್ತದೆ. ಶಾಖೆಗಳು ಗೂಗಲ್ ಗ್ರೂಪ್ಸ್ ಬಳಸಿದರೆ ‘ಹೂ ಕ್ಯಾನ್ ಪೋಸ್ಟ್’ ಅನ್ನು ‘ಗ್ರೂಪ್ ಮ್ಯಾನೇಜರ್ಸ್’ ಮಾಡಿ. ಜೊತೆಗೆ ಔಟ್‌ಲುಕ್‌ನ ಮೇಲ್‌ಟಿಪ್ಸ್ ಇದೆ. 25ಕ್ಕಿಂತ ಹೆಚ್ಚು ಜನರಿಗೆ ಹೋಗುತ್ತಿದ್ದರೆ ಮೇಲೆ ಹಳದಿ ಪಟ್ಟಿಯಲ್ಲಿ ಎಚ್ಚರಿಸುತ್ತದೆ, ಈ ಸಂಖ್ಯೆ ಬದಲಾಯಿಸಬಹುದು. ಹೊರಗಿನ ವಿಳಾಸ ಸೇರಿದ್ದರೆ ಎಚ್ಚರಿಸುವ ಮೇಲ್‌ಟಿಪ್ ಕೂಡ ಇದೆ, ಆದರೆ ಅದು ತಾನಾಗಿ ಚಾಲೂ ಇರುವುದಿಲ್ಲ. ನಿಮ್ಮ ಅಡ್ಮಿನ್‌ಗೆ ಹೇಳಿ ಹಾಕಿಸಿ. ಇಡೀ ಚರ್ಚೆಯಲ್ಲಿ ನಾನು ಒಂದೇ ಒಂದು ಸೆಟ್ಟಿಂಗ್ ಆರಿಸಬೇಕೆಂದರೆ ಇದನ್ನೇ ಆರಿಸುತ್ತೇನೆ.

ಮಹಾಪೂರದ ನಡುವೆ ಸಿಕ್ಕಿಕೊಂಡವರು ಏನೂ ಬರೆಯಬಾರದು. ಔಟ್‌ಲುಕ್‌ನಲ್ಲಿ ಕಂಟ್ರೋಲ್ + ಡಿಲೀಟ್ ಒತ್ತಿದರೆ ಆ ಇಡೀ ಸರಣಿ, ಮುಂದೆ ಬರುವುದೂ ಸೇರಿ, ಕಸಕ್ಕೆ ಹೋಗುತ್ತದೆ. ಜಿಮೇಲಿನಲ್ಲಿ ಮೂರು ಚುಕ್ಕಿಯ ಮೆನುವಿನಲ್ಲಿ ‘ಮ್ಯೂಟ್’.

ಉತ್ತರ: ಗ್ರಾಹಕವಿಭಾಗ

ಬಿಸಿಸಿ ಸಾಕೇ ಅಂದರೆ, ಸಾಲದು. ಬಿಸಿಸಿ ಮತ್ತು ಸಿಸಿ ಖಾನೆ ಒಂದರ ಕೆಳಗೊಂದು ಇರುತ್ತವೆ, ವ್ಯತ್ಯಾಸ ಒಂದು ಅಕ್ಷರ. ಅದನ್ನು ಪ್ರತಿ ತಿಂಗಳೂ ಒಬ್ಬ ಮನುಷ್ಯರ ಕಣ್ಣಿನ ಮೇಲೆ ಬಿಡುವುದೇ ತಪ್ಪು. 2015ರಲ್ಲಿ ಲಂಡನ್ನಿನ 56 ಡೀನ್ ಸ್ಟ್ರೀಟ್ ಕ್ಲಿನಿಕ್ ತನ್ನ ಎಚ್‌ಐವಿ ಸೇವೆಯ ವಾರ್ತಾಪತ್ರವನ್ನು 700ಕ್ಕೂ ಹೆಚ್ಚು ಜನರಿಗೆ ಕಳಿಸುವಾಗ ವಿಳಾಸಗಳನ್ನು ಬಿಸಿಸಿ ಬದಲು ಟು ಖಾನೆಯಲ್ಲಿ ಹಾಕಿತು. ಎಲ್ಲರಿಗೂ ಎಲ್ಲರ ವಿಳಾಸ ಕಂಡಿತು, ಬಹುತೇಕ ವಿಳಾಸಗಳಲ್ಲಿ ಪೂರ್ತಿ ಹೆಸರೇ ಇತ್ತು. ಅದಕ್ಕೆ 1,80,000 ಪೌಂಡ್ ದಂಡ ಬಿತ್ತು. ನಮ್ಮಲ್ಲೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಮಾಹಿತಿಯನ್ನು ಕಾಪಾಡದೆ ಹೋದದ್ದಕ್ಕೆ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ.

ಗ್ರಾಹಕರ ಸುತ್ತೋಲೆಗೆ ಮೇಲ್ ಮರ್ಜ್ ಮಾಡಿ, ಒಬ್ಬರಿಗೆ ಒಂದು ಮೇಲ್ ಹೋಗಲಿ. ಆಗ ಕಾಣಿಸಲು ಬೇರೆ ವಿಳಾಸವೇ ಇರುವುದಿಲ್ಲ. ಶಾಖೆಯವರು ಉಚಿತ ಜಿಮೇಲ್ ಬಳಸುತ್ತಿದ್ದರೆ ದಿನಕ್ಕೆ 500ರ ಮಿತಿ ಇದೆ, ದಾಟಿದರೆ ಖಾತೆ ಕೆಲಹೊತ್ತು ಕಳಿಸುವುದನ್ನೇ ನಿಲ್ಲಿಸುತ್ತದೆ. ಆಫೀಸಿನೊಳಗೆ ‘ಮೇಲಧಿಕಾರಿಗೆ ಗೊತ್ತಿರಲಿ’ ಅಂತ ಗುಟ್ಟಾಗಿ ಬಿಸಿಸಿ ಹಾಕುವುದನ್ನು ಪೂರ್ತಿ ಬಿಡಿಸಿ. ಆ ಅಧಿಕಾರಿ ರಿಪ್ಲೈ ಆಲ್ ಒತ್ತಿದರೆ ಟು, ಸಿಸಿಯಲ್ಲಿರುವ ಎಲ್ಲರಿಗೂ ಅವರ ಉತ್ತರ ಹೋಗುತ್ತದೆ, ಗುಟ್ಟು ಬಯಲಾಗುತ್ತದೆ. ಅವರಿಗೆ ತಿಳಿಸಬೇಕಿದ್ದರೆ ಕಳಿಸಿದ ಮೇಲೆ ಸೆಂಟ್ ಐಟಮ್ಸ್‌ನಿಂದ ಪ್ರತ್ಯೇಕವಾಗಿ ಫಾರ್ವರ್ಡ್ ಮಾಡಲಿ.

ಸರ್ವರ್‌ಕೋಣೆ ಅವರ ಎರಡು ನಿಮಿಷದ ರೂಲ್‌ನಲ್ಲಿ ‘ಹೈ ಇಂಪಾರ್ಟೆನ್ಸ್’ ವಿನಾಯಿತಿಗೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ತುರ್ತು ಅಂದುಕೊಂಡು ಬರೆಯುವ ಮೇಲಿನಲ್ಲೇ ಸಿಟ್ಟೂ ಅವಸರವೂ ಹೆಚ್ಚಿರುತ್ತದೆ. ಎರಡು ನಿಮಿಷ ತಡೆಯಲಾರದಷ್ಟು ತುರ್ತಿದ್ದರೆ ಫೋನ್ ಮಾಡಬಹುದು.

ಮೇಲ್ ಹೋಗಿಬಿಟ್ಟ ಮೇಲೆ ಏನು ಮಾಡಬೇಕು ಅಂತ ಕೇಳಿದ್ದಿರಿ. ಹಾನಿ ಇಲ್ಲದ ತಪ್ಪಾದರೆ, ಅಂದರೆ ಹೆಸರು ತಪ್ಪು, ಹಳೇ ಫೈಲ್, ಲಗತ್ತು ಮರೆತದ್ದು, ಒಂದೇ ಒಂದು ತಿದ್ದುಪಡಿ ಮೇಲ್ ಸಾಕು. ಅದನ್ನು ತಪ್ಪು ಮೇಲ್‌ಗೆ ಉತ್ತರವಾಗಿ ಬರೆಯಬೇಡಿ, ತಪ್ಪು ಒಕ್ಕಣೆ ಕೆಳಗೆ ಮತ್ತೊಮ್ಮೆ ಹೋಗುತ್ತದೆ. ಹೊಸ ಮೇಲ್ ತೆರೆಯಿರಿ. ಈ ಮಾದರಿ ಕೊಡಿ:

‘ವಿಷಯ: ಇಂದಿನ 11.20ರ ಮೇಲ್‌ಗೆ ತಿದ್ದುಪಡಿ (ದರಪಟ್ಟಿ). ಮಾನ್ಯರೇ, ಇಂದು ಬೆಳಿಗ್ಗೆ 11.20ಕ್ಕೆ ಕಳಿಸಿದ ಮೇಲ್‌ನಲ್ಲಿ ಹಿಂದಿನ ವರ್ಷದ ದರಪಟ್ಟಿ ಲಗತ್ತಾಗಿತ್ತು. ಸರಿಯಾದ ಪಟ್ಟಿ ಇದರ ಜೊತೆಗಿದೆ. ಹಿಂದಿನದನ್ನು ದಯವಿಟ್ಟು ಅಳಿಸಿ. ತೊಂದರೆಗೆ ಕ್ಷಮೆ ಇರಲಿ.’

ಇಷ್ಟೇ. ಯಾಕೆ ಹಾಗಾಯಿತು, ಕಂಪ್ಯೂಟರ್ ಕೈಕೊಟ್ಟಿತು, ಇದೆಲ್ಲ ಬೇಡ. ಓದುವವರಿಗೆ ಬೇಕಿರುವುದು ಯಾವುದು ಸರಿ ಅನ್ನುವುದು ಮಾತ್ರ.

ಇತರರ ವೈಯಕ್ತಿಕ ಮಾಹಿತಿ ಹೋಗಿದ್ದರೆ ಕ್ರಮ ಬೇರೆ. ಮೊದಲು ಪಡೆದವರಿಗೆ ಫೋನ್ ಮಾಡಿ, ತೆರೆಯದೆ ಅಳಿಸಲು ಕೇಳಿ, ಟ್ರ್ಯಾಶ್‌ನಿಂದಲೂ ಅಳಿಸಿದ್ದೇನೆ ಅಂತ ಒಂದು ಸಾಲು ಬರಹದಲ್ಲಿ ತರಿಸಿಕೊಳ್ಳಿ. ಜೊತೆಜೊತೆಗೇ ನಿಮ್ಮ ಐಟಿ ಮತ್ತು ಮೇಲಧಿಕಾರಿಗೆ ತಿಳಿಸಬೇಕು. ತಪ್ಪು ಮಾಡಿದವರು ಬೈಸಿಕೊಳ್ಳುವ ಭಯಕ್ಕೆ ಮಧ್ಯಾಹ್ನದವರೆಗೆ ಸುಮ್ಮನಿದ್ದರೆ ಆ ವೇಳೆಗೆ ಫೈಲ್ ಇನ್ನಾರಿಗೋ ಹೋಗಿರುತ್ತದೆ. ಹಾಗಾಗಿ ‘ಮೊದಲ ಹತ್ತು ನಿಮಿಷದಲ್ಲಿ ತಾನಾಗಿ ಬಂದು ಹೇಳಿದವರಿಗೆ ಮೆಮೊ ಇಲ್ಲ’ ಅನ್ನುವುದನ್ನು ನಿಮ್ಮ ವ್ಯವಸ್ಥಾಪಕರ ಬಾಯಿಂದಲೇ ತರಬೇತಿಯಲ್ಲಿ ಹೇಳಿಸಿ. ಸೂಕ್ಷ್ಮ ಫೈಲುಗಳನ್ನು ಲಗತ್ತಾಗಿ ಕಳಿಸದೆ ಒನ್‌ಡ್ರೈವ್ ಅಥವಾ ಗೂಗಲ್ ಡ್ರೈವ್ ಲಿಂಕಾಗಿ ಕಳಿಸುವ ರೂಢಿ ಮಾಡಿಸಿದರೆ ತಪ್ಪಾದಾಗ ಲಿಂಕ್‌ನ ಅನುಮತಿ ಕಿತ್ತುಹಾಕಬಹುದು, ಯಾರು ತೆರೆದಿದ್ದಾರೆ ಅಂತಲೂ ಐಟಿಯವರು ನೋಡಬಲ್ಲರು. ಲಿಂಕ್ ಮಾಡುವಾಗ ‘ಎನಿವನ್ ವಿತ್ ದ ಲಿಂಕ್’ ಬೇಡ, ಹೆಸರಿಸಿದವರಿಗೆ ಮಾತ್ರ ಅಂತ ಇರಲಿ.

ಒಂದು ಗಂಟೆಯಲ್ಲಿ ಇಷ್ಟೆಲ್ಲ ಹೇಳಲಾಗದು. ಇಪ್ಪತ್ತು ನಿಮಿಷ ಸೆಟ್ಟಿಂಗ್‌ಗಳನ್ನು ಅವರವರ ಸಿಸ್ಟಮ್ಮಿನಲ್ಲೇ ಕೂರಿಸಿ ಮಾಡಿಸಿ. ಉಳಿದ ನಲವತ್ತು ನಿಮಿಷಕ್ಕೆ ಬೇಕೆಂದೇ ಐದು ತಪ್ಪು ಇಟ್ಟ ಒಂದು ಡ್ರಾಫ್ಟ್ ಮೇಲ್ ಕೊಡಿ: ಸಿಸಿಯಲ್ಲಿ ಒಂದು ಹೊರಗಿನ ವಿಳಾಸ, ಪಿವಟ್ ಇರುವ ಎಕ್ಸೆಲ್, ಕೆಳಗೆ ಮಡಚಿಟ್ಟ ಟ್ರೇಲ್, ಒಕ್ಕಣೆಯಲ್ಲಿ ಒಂದು ‘ಹೇಲಿ’, ಹಿಂದಿನ ತಿಂಗಳ ದಿನಾಂಕ. ಇಬ್ಬಿಬ್ಬರಾಗಿ ಕೂತು ಹುಡುಕಲಿ. ಪಿವಟ್ ಒಂದನ್ನು ಯಾರೂ ಹಿಡಿಯುವುದಿಲ್ಲ, ಅದನ್ನು ಕೊನೆಗೆ ನೀವೇ ಡಬಲ್ ಕ್ಲಿಕ್ ಮಾಡಿ ತೋರಿಸಿ.